ಶ್ರುತಿ ಮಾಡದ ಗಿಟಾರು

ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಡನೀಡಿನ್ ನಗರದಿಂದ ಕೊಲ್ಲಿಯ ಅಂಚು ಹಿಡಿದು ಹೊರಟರೆ ಅರ್ಧ ಗಂಟೆಯೊಳಗೆ ಪೋರ್ಟ್ ಚಾಮರ್ಸ್ ಎಂಬ ಸಣ್ಣ ಬಂದರು ಊರು ಸಿಗುತ್ತದೆ. ಆ ದೇಶದ ಹೆಪ್ಪುಗಟ್ಟಿಸಿದ ಮಾಂಸ ಮೊಟ್ಟಮೊದಲು ಇಂಗ್ಲೆಂಡಿಗೆ ಹಡಗು ಹತ್ತಿದ್ದು 1882ರಲ್ಲಿ, ಇಲ್ಲಿಂದ. ದಕ್ಷಿಣ ಧ್ರುವಕ್ಕೆ ಹೊರಟ ಕ್ಯಾಪ್ಟನ್ ಸ್ಕಾಟ್ 1910ರಲ್ಲಿ ಕೊನೆಯದಾಗಿ ಬಿಟ್ಟ ಬಂದರೂ ಇದೇ. ಆಮೇಲೆ ಜಗತ್ತಿಗೆ ಈ ಊರಿನ ನೆನಪು ಅಷ್ಟಾಗಿ ಬಂದಂತಿಲ್ಲ. 1980ರ ದಶಕದ ಕೊನೆಗೆ ಹೊರದೇಶದ ಕೆಲವೇ ಕೆಲವು ಮಂದಿಯ ಬಾಯಲ್ಲಿ ಅದರ ಹೆಸರು ಮತ್ತೆ ಬಂದದ್ದು ಅಂಚೆಯಲ್ಲಿ ತಲುಪುತ್ತಿದ್ದ ಕ್ಯಾಸೆಟ್‌ಗಳಿಂದ.

ಆ ಕ್ಯಾಸೆಟ್‌ಗಳ ಹಿಂದಿದ್ದವರಲ್ಲಿ ಮೂವರು ಗೆಳೆಯರು: ಬ್ರೂಸ್ ರಸೆಲ್, ಮೈಕೆಲ್ ಮಾರ್ಲಿ, ರಾಬಿ ಯೇಟ್ಸ್. 1987ರ ಸುಮಾರಿಗೆ ಕೂಡಿಕೊಂಡು 'ದಿ ಡೆಡ್ ಸಿ' ಎಂದು ಹೆಸರಿಟ್ಟುಕೊಂಡರು. ಇಬ್ಬರ ಕೈಯಲ್ಲಿ ಗಿಟಾರು, ಯೇಟ್ಸ್ ಮುಂದೆ ಡ್ರಮ್ಸ್. ಆಗ ಅಲ್ಲಿನ ಹೊಸ ಸಂಗೀತಕ್ಕೆಲ್ಲ ಆಸರೆಯಾಗಿದ್ದ ಫ್ಲೈಯಿಂಗ್ ನನ್ ಕಂಪನಿ ಉತ್ತರದ ಆಕ್ಲೆಂಡಿನ ಕಡೆ ಹೊರಟಿತ್ತು. ಮಾರಾಟವಾಗದವರು ದಕ್ಷಿಣದಲ್ಲಿ ಉಳಿದರು. ರಸೆಲ್ 1988ರಲ್ಲಿ 'ಎಕ್ಸ್‌ಪ್ರೆಸ್‌ವೇ' ಎಂಬ ಪುಟ್ಟ ಪ್ರಕಾಶನ ಮಾಡಿ, ತಮ್ಮದನ್ನೂ ಗೆಳೆಯರದನ್ನೂ ಕ್ಯಾಸೆಟ್ಟಿಗಿಳಿಸಿ ಕೇಳಿದವರಿಗೆ ಅಂಚೆಯಲ್ಲಿ ಕಳಿಸತೊಡಗಿದರು. ಸ್ಟುಡಿಯೊ ಬಾಡಿಗೆಗೆ ಯಾರ ಬಳಿಯೂ ದುಡ್ಡಿರಲಿಲ್ಲ. ಮನೆಯ ಕೋಣೆಯಲ್ಲೋ ತಾಲೀಮಿನ ಜಾಗದಲ್ಲೋ ನುಡಿಸಿದ್ದೇ ಧ್ವನಿಮುದ್ರಣ.

ಅವರು ನುಡಿಸುವುದನ್ನು ಹಾಡು ಎಂದರೆ ಹಾಡಿಗೆ ಅವಮಾನ, ಗದ್ದಲ ಎಂದರೆ ಅವರಿಗೆ ಅವಮಾನವೇನಲ್ಲ. 1992ರಲ್ಲಿ ಫಿಲಡೆಲ್ಫಿಯಾದ ಸಿಲ್ಟ್‌ಬ್ರೀಜ್ ಕಂಪನಿ ಹೊರತಂದ 'ಹಾರ್ಷ್ ಸೆವೆಂಟೀಸ್ ರಿಯಾಲಿಟಿ' ಎಂಬ ಜೋಡಿ ಎಲ್ಪಿಯಲ್ಲಿ ಒಂದು ಇಡೀ ಮಗ್ಗುಲು ಒಂದೇ ರಚನೆಗೆ ಮೀಸಲು. ಅದನ್ನು ಮೊದಲ ಸಲ ಹಾಕಿ ಕೂತಾಗ ಪಕ್ಕದ ಕೋಣೆಯಿಂದ ಪ್ರಶ್ನೆ ಬಂತು: "ಮಿಕ್ಸಿ ಹಾಕಿ ಹಾಗೇ ಬಿಟ್ಟು ಬಂದ್ರಾ?" ಪ್ರಶ್ನೆಯಲ್ಲಿ ತಪ್ಪಿಲ್ಲ. ಹತ್ತು ನಿಮಿಷದ ಮೇಲೆ ಆ ಗದ್ದಲದೊಳಗೆ ಒಬ್ಬ ಇನ್ನೊಬ್ಬನಿಗೆ ಜಾಗ ಬಿಡುತ್ತಿರುವುದು, ಮೂರನೆಯವನು ತಡೆದು ಕೇಳಿಸಿಕೊಳ್ಳುತ್ತಿರುವುದು ತಿಳಿಯುತ್ತಾ ಹೋಗುತ್ತದೆ. ತಿಳಿಯದೆಯೂ ಹೋಗಬಹುದು. ಎಲ್ಲರೂ ಕೇಳಲೇಬೇಕಾದ ಸಂಗೀತ ಇದು ಎಂದು ನಾನಂತೂ ಹೇಳಲಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೂವರ ನಡುವಿನ ಅಂತರ. ಯೇಟ್ಸ್ ಪಳಗಿದ ಕೈ. ಅದಕ್ಕೂ ಮೊದಲು ವರ್ಲೇನ್ಸ್ ಎಂಬ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದವರು. ಆ ತಂಡದ ಹಾಡುಗಳನ್ನು ಕಟ್ಟುತ್ತಿದ್ದ ಗ್ರೇಮ್ ಡೌನ್ಸ್ ಮುಂದೆ ಮಾಲರನ ಸಿಂಫನಿಗಳ ಮೇಲೆ ಡಾಕ್ಟರೇಟ್ ಪಡೆದ ಸಂಗೀತಶಾಸ್ತ್ರಜ್ಞ. ನಡುವೆ ಲಯ ಬದಲಾಗುವ, ಎಣಿಕೆ ತಪ್ಪಿದರೆ ಮುಖ ಕೆಡುವಂಥ ಹಾಡುಗಳು ಅವು. ಮಾರ್ಲಿ ಚಿತ್ರಕಲೆಯ ಕಡೆಯವರು. ರಸೆಲ್ ಅವರೋ ಗಿಟಾರ್ ಪಾಠ ಕಲಿತವರಲ್ಲ, ರೂಢಿಯ ಅರ್ಥದಲ್ಲಿ ತಮಗೆ ನುಡಿಸಲು ಬರುವುದಿಲ್ಲ ಎಂಬುದನ್ನು ಮುಚ್ಚಿಟ್ಟವರೂ ಅಲ್ಲ. ಯೇಟ್ಸ್ ಜಾಗದಲ್ಲಿ ನಾನೋ ನೀವೋ ಇದ್ದಿದ್ದರೆ ಮೂರನೆಯ ತಾಲೀಮಿಗೇ ಬಾಯಿ ಬಿಡುತ್ತಿದ್ದೆವು: "ಗುರೂ, ಬೇಜಾರು ಮಾಡ್ಕೋಬೇಡ, ಆ ತಂತಿ ಒಂದ್ಸಲ ಶ್ರುತಿ ಮಾಡ್ಕೋಬಾರ್ದಾ?" ಎಷ್ಟು ನ್ಯಾಯವಾದ ಮಾತು! ಅದನ್ನು ಆಡಿದ್ದರೆ ಆ ತಂಡ ಊರಿನ ಇನ್ನೊಂದು ಸಾಧಾರಣ ರಾಕ್ ತಂಡವಾಗಿ ಎರಡು ವರ್ಷದಲ್ಲಿ ಚದುರಿಹೋಗುತ್ತಿತ್ತೋ ಏನೋ. ಅದೇ ಮೂವರು ದಶಕಗಳ ಕಾಲ, ಒಬ್ಬರನ್ನೂ ಬದಲಿಸದೆ, ಜೊತೆಗೇ ನುಡಿಸಿದ್ದಾರೆ.

ನಮಗೆ ತಿದ್ದುವುದೆಂದರೆ ಪ್ರೀತಿಯ ಇನ್ನೊಂದು ಹೆಸರು. ಸಂಗೀತದ ಮನೆಯಲ್ಲಿ ಅದು ನಿಜವೂ ಹೌದು. ಸರಳೆವರಸೆಯ ದಿನಗಳಲ್ಲಿ ಗುರುಗಳು ತೊಡೆಯ ಮೇಲೆ ತಾಳ ಹಾಕುತ್ತಾ "ಊಹೂಂ, ಇನ್ನೊಂದ್ಸಲ" ಎಂದದ್ದರಿಂದಲೇ ವಿದ್ಯೆ ಬಂದದ್ದು. ತಿದ್ದದ ಗುರು ಸಂಬಳ ತೆಗೆದುಕೊಂಡು ಮೋಸ ಮಾಡಿದಂತೆ. ತೊಂದರೆ ಶುರುವಾಗುವುದು ನಾವು ಎಲ್ಲ ಸಂಬಂಧದಲ್ಲೂ ಗುರುವಿನ ಚಾಪೆಯ ಮೇಲೇ ಕೂರಲು ಹೋದಾಗ. ಗೆಳೆಯ ಹೊಸ ಮನೆ ಕಟ್ಟಿಸಿದ ಎಂದು ಹೋಗುತ್ತೇವೆ, ಕಾಫಿ ಆರುವ ಮೊದಲೇ ಮೆಟ್ಟಿಲು ಯಾವ ಕಡೆ ಇರಬೇಕಿತ್ತು ಎಂದು ಹೇಳಿ ಮುಗಿಸಿರುತ್ತೇವೆ. ಅವನ ಇಂಗ್ಲಿಷ್ ಉಚ್ಚಾರಣೆ, ಅವನ ಮಗನ ಕೋರ್ಸು, ಅವನು ದುಡ್ಡು ಹಾಕಿದ ಜಾಗ, ಒಂದನ್ನೂ ಬಿಡುವುದಿಲ್ಲ. ಇಪ್ಪತ್ತು ವರ್ಷದ ಸ್ನೇಹದಲ್ಲಿ ಅವನು ಒಂದು ಮಾತು ಪೂರ್ತಿ ಮುಗಿಸಿದ್ದನ್ನು ಕೇಳಿದ್ದೇವೆಯೇ ಎಂದರೆ ಉತ್ತರ ಸುಲಭವಿಲ್ಲ.

ಬರೆದಿಟ್ಟ ಸಂಗೀತದಲ್ಲಿ ತಪ್ಪು ಸ್ವರ ಯಾವುದೆಂಬುದು ನುಡಿಸುವ ಮೊದಲೇ ಗೊತ್ತು. ರಾಗದಲ್ಲೂ ಗೊತ್ತು. ಮೋಹನದ ನಡುವೆ ಮಧ್ಯಮ ಇಣುಕಿದರೆ ಮುಂದಿನ ಸಾಲಿನವರು ತಲೆ ಎತ್ತುತ್ತಾರೆ. ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ನುಡಿಸುವ ಕಡೆ ಒಂದು ಸದ್ದು ತಪ್ಪಾಗುವುದೋ ಬಿಡುವುದೋ ಜೊತೆಗಿರುವವನು ಮುಂದೇನು ಮಾಡುತ್ತಾನೆ ಎಂಬುದರ ಮೇಲಿದೆ. ಗಿಟಾರನ್ನು ಆಂಪ್ಲಿಫೈಯರಿನ ಸ್ಪೀಕರಿಗೆ ಹತ್ತಿರ ಹಿಡಿದರೆ, ಸ್ಪೀಕರಿನಿಂದ ಹೊರಟ ಸದ್ದೇ ತಂತಿಯನ್ನು ಮತ್ತೆ ಅಲುಗಿಸುತ್ತದೆ, ತಂತಿಯ ಕೆಳಗಿನ ಅಯಸ್ಕಾಂತದ ಸುರುಳಿ ಅದನ್ನು ಹಿಡಿದು ಮತ್ತೆ ಸ್ಪೀಕರಿಗೇ ಕಳಿಸುತ್ತದೆ, ಸುತ್ತು ಬೆಳೆಯುತ್ತಾ ಹೋಗಿ ಕಿರುಚಾಟವಾಗುತ್ತದೆ. ಸಭೆಗಳಲ್ಲಿ ಮೈಕು ಕಿರುಚಿದರೆ ಮೈಕಿನವನನ್ನು ಬಯ್ಯುತ್ತೇವಲ್ಲ, ಅದೇ. ಆ ಕಿರುಚಾಟ ಗೆಳೆಯನ ಕೈತಪ್ಪಿ ಬಂದಿದೆ ಎಂದಿಟ್ಟುಕೊಳ್ಳಿ. ನೀವು ಅದಕ್ಕಿಂತ ಜೋರಾಗಿ ನುಡಿಸಿ ಅದನ್ನು ಹೂತುಹಾಕಬಹುದು. ಸುಮ್ಮನೆ ಕೈ ಕಟ್ಟಿ, ನೀನೇ ತಂದುಕೊಂಡದ್ದು ನೀನೇ ನೋಡಿಕೋ ಎನ್ನಬಹುದು. ಅಥವಾ ಅದರ ಕೆಳಗೆ ಒಂದು ಮಂದ್ರ ಹಿಡಿದು ನಿಂತರೆ, ಕೈತಪ್ಪಿ ಬಂದದ್ದು ಬೇಕೆಂದೇ ಬಂದದ್ದಾಗಿ ಮಾರ್ಪಡುತ್ತದೆ. ಯಾರ ಸಣ್ಣತನ ಎಷ್ಟು, ಯಾರ ಔದಾರ್ಯ ಎಷ್ಟು ಎಂಬುದು ಅಲ್ಲಿ ಅಡಗಿ ಕೂರಲಾರದು, ಹಿಂದೆ ಬಚ್ಚಿಟ್ಟುಕೊಳ್ಳಲು ಹಾಡೇ ಇಲ್ಲವಲ್ಲ.

ಇದಕ್ಕೆಲ್ಲ ಸಾಕ್ಷಿಯಾಗಿ ಕೂತಿರುವ ಯಂತ್ರದ ಬಗ್ಗೆಯೂ ಒಂದು ಮಾತು. 1979ರಲ್ಲಿ ಬಂದ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೊ ಸಾಮಾನ್ಯ ಕ್ಯಾಸೆಟ್ಟಿನ ಮೇಲೇ ನಾಲ್ಕು ಟ್ರ್ಯಾಕುಗಳನ್ನು ಮುದ್ರಿಸಿಕೊಳ್ಳುತ್ತಿತ್ತು. ಅದು ಎರಡೂ ಮಗ್ಗುಲನ್ನು ಒಟ್ಟಿಗೆ ಬಳಸಿ, ಟೇಪನ್ನು ದುಪ್ಪಟ್ಟು ವೇಗದಲ್ಲಿ ಓಡಿಸುವುದರಿಂದ, 60 ನಿಮಿಷದ ಕ್ಯಾಸೆಟ್ಟು ಹದಿನೈದೇ ನಿಮಿಷಕ್ಕೆ ಮುಗಿಯುತ್ತದೆ. ಅದೂ ಕೈಗೆಟುಕದವರಿಗೆ ಮಾಮೂಲಿ ಟೇಪ್ ರೆಕಾರ್ಡರ್ ಇತ್ತು. ಅಂಥ ಅನೇಕ ರೆಕಾರ್ಡರುಗಳಲ್ಲಿ ಧ್ವನಿಯ ಮಟ್ಟವನ್ನು ತಾನೇ ಸರಿಪಡಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ: ಗಿಟಾರು ಅಬ್ಬರಿಸಿದರೆ ಅದು ಮಟ್ಟ ತಗ್ಗಿಸುತ್ತದೆ, ಎಲ್ಲರೂ ಸುಮ್ಮನಾದರೆ ಮಟ್ಟ ಏರಿಸುತ್ತದೆ. ಆಗ ಟೇಪಿನ ಸುಯ್ಲು, ಯಾರೋ ಕುರ್ಚಿ ಸರಿಸಿದ್ದು, ಕಿಟಕಿಯಾಚೆಯ ಲಾರಿ, ಎಲ್ಲ ಮುಂದೆ ಬಂದು ನಿಲ್ಲುತ್ತವೆ. ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು ತೆಗೆಸುವುದನ್ನು ಇದು ಪುಕ್ಕಟೆಯಾಗಿ ಸೇರಿಸುತ್ತದೆ. ಈ ಗೆಳೆಯರು ಅದನ್ನೂ ತಿದ್ದಲು ಹೋಗಲಿಲ್ಲ. ಇದರಲ್ಲಿ ಸೋಮಾರಿತನ ಎಷ್ಟು ಪಾಲು ಎಂದು ಕೇಳಿದರೆ, ಸ್ವಲ್ಪ ಇದ್ದೀತು. ಈ ಬಗೆಯ ಸಂಗೀತದ ಹೆಸರಿನಲ್ಲಿ ಬರುವುದರಲ್ಲಿ ಬಹುಪಾಲು ಕೇಳಲಾಗದ್ದು ಎಂದು ನನ್ನ ಅಭಿಪ್ರಾಯ. ಯಾರೂ ಯಾರನ್ನೂ ಕೇಳಿಸಿಕೊಳ್ಳದೆ ಎಲ್ಲರೂ ಏಕಕಾಲಕ್ಕೆ ತಮ್ಮ ಸ್ವಾತಂತ್ರ್ಯ ಚಲಾಯಿಸಿದರೆ ಬರುವ ಸದ್ದಿಗೆ ನಮ್ಮ ಟಿವಿ ಚರ್ಚೆಗಳೇ ಸಾಕು. ತಿದ್ದದೆ ಇರುವುದು ಕೆಲವೊಮ್ಮೆ ಕೈತೊಳೆದುಕೊಳ್ಳುವ ಸಭ್ಯ ರೀತಿಯೂ ಆಗಿರುತ್ತದೆ. ಗೆಳೆಯ ಕುಡಿದು ಗಾಡಿ ಹತ್ತುವಾಗ ಕೀಲಿ ಕಿತ್ತುಕೊಳ್ಳದವನು ಉದಾರಿಯಲ್ಲ.

ಮೊದಲೇ ಏನೂ ಗೊತ್ತುಮಾಡಿಕೊಳ್ಳದೆ ನುಡಿಸುವ ದಾರಿಯನ್ನು ಮೊದಲು ತುಳಿದವರಲ್ಲಿ ಲಂಡನ್ನಿನ 'ಎಎಂಎಂ' ತಂಡವೂ ಒಂದು. ಶುರುವಾದದ್ದು 1965ರಲ್ಲಿ. ಆ ಮೂರಕ್ಷರಕ್ಕೆ ಅರ್ಥವೇನೆಂದು ಅವರು ಹೊರಗಿನವರಿಗೆ ಹೇಳಲಿಲ್ಲ, ಇರಲಿ. ಅದರ ಗಿಟಾರ್ ವಾದಕ ಕೀತ್ ರೋ ಕೂಡ ಚಿತ್ರಕಲೆ ಕಲಿತವರು. ಇನ್ನು ಮೇಲೆ ಗಿಟಾರನ್ನು ಶ್ರುತಿ ಮಾಡುವುದಿಲ್ಲ ಎಂದು ತೀರ್ಮಾನಿಸಿಕೊಂಡವರು. ಅಮೆರಿಕದ ಚಿತ್ರಕಾರ ಪೊಲಾಕ್ ಕ್ಯಾನ್ವಾಸನ್ನು ನೆಲಕ್ಕೆ ಹಾಸಿದ ಹಾಗೆ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಚಾಕು, ಸ್ಪ್ರಿಂಗು, ಪುಟ್ಟ ಫ್ಯಾನುಗಳಿಂದ ತಂತಿ ಮುಟ್ಟುತ್ತಿದ್ದರು. ಪಕ್ಕದಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೊ. ಅದರಲ್ಲಿ ಆ ಹೊತ್ತಿಗೆ ಏನು ಬರುತ್ತಿದೆಯೋ ಅದಕ್ಕೂ ಸಭೆಯಲ್ಲಿ ಜಾಗ. ಎಡ್ಡಿ ಪ್ರೆವೋ ಡ್ರಮ್ಸ್, ಲೂ ಗೇರ್ ಸ್ಯಾಕ್ಸೊಫೋನ್. 1966ರಲ್ಲಿ ಸಂಗೀತ ರಚನಕಾರ ಕಾರ್ನೀಲಿಯಸ್ ಕಾರ್ಡ್ಯೂ ಬಂದು ಸೇರಿದರು.

ರೇಡಿಯೊದ ಗರಗರಕ್ಕೂ ಜಾಗ ಕೊಟ್ಟ ಇವರು ಒಬ್ಬರನ್ನೊಬ್ಬರು ತಾಳಿಕೊಳ್ಳಲಾರದೆ ಹೋದರು. 1970ರ ದಶಕದ ಆರಂಭದಲ್ಲಿ ಕಾರ್ಡ್ಯೂ, ರೋ ಮಾವೋವಾದದ ಕಡೆ ವಾಲಿದರು. ಸಂಗೀತ ಜನರಿಗೆ ಉಪಯೋಗವಾಗಬೇಕು, ಈ ಮೇಜಿನ ಮೇಲಿನ ಆಟ ಯಾರಿಗಾಗಿ ಎಂದು ಪ್ರಶ್ನೆ ಎದ್ದಿತು. ಪ್ರಶ್ನೆ ಕೆಟ್ಟದ್ದೇನಲ್ಲ. ಹಸಿದವನ ಊರಿನಲ್ಲಿ ಗದ್ದಲ ನುಡಿಸುವವನಿಗೆ ಯಾರಾದರೂ ಅದನ್ನು ಕೇಳಲೇಬೇಕು. ಆದರೆ ಸರಿಯಾದ ದಾರಿ ಇಂಥದ್ದು ಎಂದು ಒಮ್ಮೆ ನಿಷ್ಕರ್ಷೆಯಾದ ಮೇಲೆ ಜೊತೆಗಾರನ ಸದ್ದಿನಲ್ಲಿ ಅವನು ಎಷ್ಟು ದಾರಿ ತಪ್ಪಿದ್ದಾನೆ ಎಂಬುದಷ್ಟೇ ಕೇಳಿಸತೊಡಗುತ್ತದೆ. ತಂಡ ಒಡೆಯಿತು, ಪ್ರೆವೋ ಮತ್ತು ಗೇರ್ ಇಬ್ಬರೇ ಉಳಿದು ನುಡಿಸಿದರು. ಕಾರ್ಡ್ಯೂ 1974ರಲ್ಲಿ ತಮ್ಮ ಹಳೆಯ ಮೇಷ್ಟ್ರು ಸ್ಟಾಕ್‌ಹೌಸನ್‌ನನ್ನೇ ಸಾಮ್ರಾಜ್ಯಶಾಹಿಯ ಸೇವಕ ಎಂದು ಕರೆದ ಪುಸ್ತಕ ಬರೆದರು. 1981ರ ಡಿಸೆಂಬರಿನಲ್ಲಿ, 45ನೆಯ ವಯಸ್ಸಿನಲ್ಲಿ, ಗುದ್ದಿ ನಿಲ್ಲದೆ ಹೋದ ವಾಹನಕ್ಕೆ ಸಿಕ್ಕಿ ತೀರಿಕೊಂಡರು. ಅಷ್ಟರಲ್ಲಿ ರೋ ತಂಡಕ್ಕೆ ಮರಳಿದ್ದರು, ಪಿಯಾನೋದ ಜಾನ್ ಟಿಲ್ಬರಿ ಬಂದಿದ್ದರು. ಎರಡು ದಶಕಕ್ಕೂ ಹೆಚ್ಚು ಕಾಲ ಮೂವರೂ ಒಟ್ಟಿಗಿದ್ದು, 2004ರಲ್ಲಿ ಮತ್ತೆ ಬಿರುಕು. ಈ ಸಲ ಪ್ರೆವೋ ಬರೆದ ಪುಸ್ತಕದಲ್ಲಿ ತಮ್ಮ ಬಗ್ಗೆ ಇದ್ದ ಟೀಕೆಗೆ ಬೇಸತ್ತು ರೋ ಹೊರನಡೆದರು. ಎರಡು ಸಲವೂ ಜಗಳ ಶುರುವಾದದ್ದು ವಾದ್ಯ ಕೆಳಗಿಟ್ಟ ಮೇಲೆ. ನುಡಿಸುವಾಗ ಒಬ್ಬರ ಯಾವ ಸದ್ದನ್ನೂ ಇನ್ನೊಬ್ಬರು ತಳ್ಳಿಹಾಕದವರು ಬರೆಯಲು ಕೂತಾಗ ಮಾತ್ರ ತಿದ್ದಲು ಹೊರಟರು. ಬರೆಯುವವನಾದ ನನಗೆ ಇದು ಅಷ್ಟು ಹಿತವಾದ ಸುದ್ದಿಯಲ್ಲ.

2015ರಲ್ಲಿ, ತಂಡಕ್ಕೆ ಐವತ್ತು ತುಂಬಿದಾಗ, ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಸಂಗೀತೋತ್ಸವದಲ್ಲಿ ಮೂವರೂ ಮತ್ತೆ ಕೂತರು. ರೋ ಅವರಿಗೆ 75, ಪ್ರೆವೋ ಅವರಿಗೆ 73, ಟಿಲ್ಬರಿಗೆ 79. ನಂತರವೂ ಕೆಲವು ಕಡೆ ಕೂಡಿ ನುಡಿಸಿದರು.