ಧ್ಯಾನದ ಆ್ಯಪುಗಳ ವಿಚಾರ

ಧ್ಯಾನಾಭ್ಯಾಸಕ್ಕಾಗಿ ಮೊಬೈಲಿನಲ್ಲಿ ಯಾವ ಆ್ಯಪನ್ನು ಇಟ್ಟುಕೊಳ್ಳಬಹುದೆಂದು ವೃದ್ಧ ಮಿತ್ರರೊಬ್ಬರು ನನ್ನನ್ನು ಕೇಳಿದರು. ಪ್ರಶ್ನೆಯು ಅಲ್ಪವಾದದ್ದೆಂದು ತೋರಿದರೂ ಉತ್ತರವು ಕೂಡಲೆ ಹೊಳೆಯಲಿಲ್ಲ. ಹಗಲೆಲ್ಲ ನಮ್ಮ ಚಿತ್ತವನ್ನು ಚೂರುಮಾಡತಕ್ಕ ವಸ್ತು ಯಾವುದೋ ಅದರಿಂದಲೇ ಏಕಾಗ್ರತೆಯನ್ನು ಬೇಡುವುದು ಯುಕ್ತವೆ? ಮುಳ್ಳಿನಿಂದ ಮುಳ್ಳನ್ನು ತೆಗೆಯುವುದು ಲೋಕರೂಢಿಯಾದುದರಿಂದ, ಈ ಸಂದೇಹವೊಂದರ ಮೇಲೆಯೇ ಆ ಸಾಧನವನ್ನು ತಳ್ಳಿಹಾಕಲಾಗದು.

ಇವುಗಳ ಹುಟ್ಟು ಕೇವಲ ವ್ಯಾಪಾರದಿಂದಾದುದಲ್ಲ. 1979ರಲ್ಲಿ ಜಾನ್ ಕಬಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ, ಬೌದ್ಧರ ಸ್ಮೃತಿಸಾಧನೆಯನ್ನು ಮತದ ಹೊದಿಕೆಯಿಲ್ಲದೆ, ಬಹುಕಾಲದ ನೋವಿನಿಂದ ಬಳಲುವವರಿಗೆ ಕಲಿಸುವ ಕ್ರಮವನ್ನು ಆರಂಭಿಸಿದರು. 2010ರಲ್ಲಿ, ಹಿಂದೆ ಭಿಕ್ಷುವಾಗಿದ್ದ ಆ್ಯಂಡಿ ಪುಡಿಕೂಂಬ್ ಅವರು ಜೊತೆಗಾರರೊಬ್ಬರೊಡನೆ ಹೆಡ್‌ಸ್ಪೇಸ್ ಸಂಸ್ಥೆಯನ್ನು ತೆರೆದರು. 2012ರಲ್ಲಿ ‘ಕಾಮ್’ ಬಂದಿತು. ಶಾಂತವೆಂಬ ಅರ್ಥದ ಈ ಹೆಸರನ್ನು ಕನ್ನಡದಲ್ಲಿ ಬರೆದರೆ ಅರಿಷಡ್ವರ್ಗದ ಮೊದಲನೆಯವನೇ ಕಾಣಿಸಿಕೊಳ್ಳುತ್ತಾನೆ, ಅದಂತಿರಲಿ. ಇವೆರಡೂ ಚಂದಾಹಣದಿಂದ ನಡೆಯುವಂಥವು. ಥಿಚ್ ನ್ಹಾತ್ ಹಾನ್ ಅವರ ಪ್ಲಮ್ ವಿಲೇಜ್ ಆಶ್ರಮದವರ ಆ್ಯಪು ಉಚಿತವಾದದ್ದು. ಇನ್‌ಸೈಟ್ ಟೈಮರಿನಲ್ಲಿ ಗಂಟೆಯ ನಾದದಿಂದ ಕಾಲವನ್ನು ತಿಳಿಸುವ ಭಾಗಕ್ಕೆ ಹಣವಿಲ್ಲ.

ಆದರೆ ಬೆಲೆಯನ್ನು ತೂಗಿ ಆರಿಸಿದ ಮಾತ್ರಕ್ಕೆ ಪ್ರಶ್ನೆ ತೀರಿತೆ? ಒಳ್ಳೆಯ ಗುರುವಿನ ಲಕ್ಷಣವೇನೆಂದರೆ, ಶಿಷ್ಯನಿಗೆ ತನ್ನ ಆವಶ್ಯಕತೆ ಇಲ್ಲದಂತಾಗುವ ದಿನವನ್ನು ಅವನು ಎದುರುನೋಡುತ್ತಾನೆ. ಚಂದಾದಿಂದ ಬಾಳುವ ಸಂಸ್ಥೆಗೆ ಆ ದಿನವು ನಷ್ಟದ ದಿನ. ಆದುದರಿಂದಲೇ ನೆನಪಿನ ಸೂಚನೆಗಳು, ಪದಕಗಳು, ಬಿಡದೆ ಕುಳಿತ ದಿನಗಳ ಎಣಿಕೆ ಮೊದಲಾದುವು. ನಡೆಸುವವರು ದುಷ್ಟರೆಂದು ನಾನು ಹೇಳುತ್ತಿಲ್ಲ. ಅವರ ಜೀವನೋಪಾಯವೇ ಅವರನ್ನು ಆ ಕಡೆಗೆ ಎಳೆಯುತ್ತದೆ.

ಈ ಎಣಿಕೆಯ ವಿಷಯದಲ್ಲಿ ನನ್ನ ಅನುಭವವೊಂದುಂಟು. ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ಅಂಥದೊಂದು ಆ್ಯಪಿನಲ್ಲಿ ನನ್ನ ಲೆಕ್ಕವು 61 ದಿನಗಳನ್ನು ಮುಟ್ಟಿತ್ತು. ಮರುದಿನ ರಾತ್ರಿ ಜ್ವರದಲ್ಲಿದ್ದ ನನ್ನ ತಾಯಿ ಪಕ್ಕದ ಕೋಣೆಯಿಂದ ನೀರು ಕೇಳಿದರು. ನಾನು ಕೇಳಿಸಿಕೊಂಡೆ. ಶಬ್ದಗಳು ಬರಲಿ, ಹೋಗಲಿ, ಅವುಗಳಿಗೆ ಅಂಟಿಕೊಳ್ಳಬೇಡವೆಂದು ಕಿವಿಯಲ್ಲಿ ಮೃದುವಾದ ಧ್ವನಿಯೊಂದು ಹೇಳುತ್ತಿತ್ತು. ತಾಯಿಯ ಕೂಗು ಬಂದಿತು, ಹೋಯಿತು. ಉಳಿದಿದ್ದುದು ನಾಲ್ಕು ನಿಮಿಷ. ಎದ್ದರೆ ಎಣಿಕೆ ಮುರಿಯುತ್ತಿತ್ತು. ಮುಗಿಸಿ ಹೋಗಿ ನೋಡಿದರೆ, ಅವರೇ ಎದ್ದು ತಂಬಿಗೆಯನ್ನು ಹಿಡಿದಿದ್ದರು. ನೆಲದ ಮೇಲೆ ನೀರು ಚೆಲ್ಲಿತ್ತು. “ಧ್ಯಾನಕ್ಕೆ ಕೂತಿದ್ದೆಯಲ್ಲಪ್ಪಾ, ಮತ್ತೆ ಕೂಗಬಾರದು ಅಂತ ಸುಮ್ಮನಾದೆ” ಎಂದರು.

ದೋಷವು ಯಂತ್ರದ್ದಲ್ಲ, ನನ್ನದೇ. ಆದರೂ ಗುರುವೊಬ್ಬನು ಎದುರಿಗಿದ್ದಿದ್ದರೆ “ಮೊದಲು ಏಳು” ಎನ್ನುತ್ತಿದ್ದನು. ಮುದ್ರಿತವಾದ ಧ್ವನಿಗೆ ತಾನು ಯಾವ ಮನೆಯಲ್ಲಿ ಮಾತನಾಡುತ್ತಿರುವೆನೆಂಬುದೇ ತಿಳಿಯದು. ಪತಂಜಲಿಯ ಅಷ್ಟಾಂಗಗಳಲ್ಲಿ ಧ್ಯಾನವು ಏಳನೆಯದು, ಯಮವು ಮೊದಲನೆಯದು. ನಾನು ಏಳನೆಯ ಮೆಟ್ಟಲಿಗೆ ನೇರವಾಗಿ ಹಾರಿದ್ದೆನು.

ಆ ಯಮಗಳಲ್ಲಿಯೇ ಅಸ್ತೇಯವೆಂಬುದೊಂದಿದೆ, ಪರರದನ್ನು ಕದಿಯದಿರುವುದು. ಆ್ಯಪನ್ನು ಆರಿಸುವಾಗ ಈ ಒರೆಗಲ್ಲಿಗೂ ಅದನ್ನು ಹಚ್ಚಿ ನೋಡಬೇಕು. 2022ರಲ್ಲಿ ಮೊಜಿಲ್ಲಾ ಪ್ರತಿಷ್ಠಾನದವರು ಮನಸ್ಸಿನ ಸ್ವಾಸ್ಥ್ಯಕ್ಕೂ ಪ್ರಾರ್ಥನೆಗೂ ಸಂಬಂಧಪಟ್ಟ 32 ಆ್ಯಪುಗಳನ್ನು ಪರೀಕ್ಷಿಸಿ, ಬಳಸುವವರ ಗೋಪ್ಯ ವಿಷಯಗಳ ರಕ್ಷಣೆ ಸಾಲದೆಂದು 28ಕ್ಕೆ ಎಚ್ಚರಿಕೆಯ ಗುರುತು ಹಾಕಿದರು. ನಿದ್ರೆ ಬಾರದ ರಾತ್ರಿಗಳನ್ನೂ ದುಃಖದ ಹೊತ್ತುಗಳನ್ನೂ ನಾವು ಒಪ್ಪಿಸುವುದು ಇಂಥವುಗಳಿಗೇ ಅಲ್ಲವೆ?

ಹಾಗೆಂದು ಬೇಡವೆನ್ನಲು ನನಗೆ ಮನಸ್ಸಿಲ್ಲ. ರಾತ್ರಿಯ ಪಾಳಿಯ ದಾದಿಗೆ, ಹತ್ತು ದಿನ ಮನೆ ಬಿಟ್ಟು ಶಿಬಿರಕ್ಕೆ ಹೋಗಲಾಗದ ಗೃಹಿಣಿಗೆ, ಹತ್ತು ನಿಮಿಷದ ನೆರವೂ ನೆರವೇ.

ಕಡೆಗೆ ಮಿತ್ರರಿಗೆ ಗಂಟೆ ಬಾರಿಸುವ ಆ್ಯಪೊಂದನ್ನು ಹಾಕಿಕೊಟ್ಟು, ಸೂಚನೆಗಳನ್ನೆಲ್ಲ ನಿಲ್ಲಿಸಿ, ದಿನದೆಣಿಕೆಯ ಕಡೆ ನೋಡಬೇಡಿರೆಂದೆನು. ತಿಂಗಳಾದ ಮೇಲೆ ಭೇಟಿಯಾದಾಗ, ನಡುವೆ ಆರು ದಿನ ತಪ್ಪಿತೆಂದು ಅವರು ಸಂಕೋಚದಿಂದ ಹೇಳಿದರು. ಏಕೆಂದು ಕೇಳಿದೆನು. ಮೊಮ್ಮಗಳು ಬಂದಿದ್ದಳಂತೆ.