ಕಾಗದ ಕೇಳುವ ಪ್ರಶ್ನೆ

ಅಮೆರಿಕದಲ್ಲಿರುವ ನನ್ನ ತಂಗಿಯ ಮಗಳು ಇಲ್ಲಿನ ಕೂಸೊಂದನ್ನು ದತ್ತು ಪಡೆಯಲು ಅರ್ಜಿ ಹಾಕಿದ್ದಾಳೆ. ಸಂಬಳದ ಚೀಟಿ, ಡಾಕ್ಟರ ಸರ್ಟಿಫಿಕೇಟು, ಪೊಲೀಸರ ಪತ್ರ, ಮನೆಗೇ ಬಂದು ವಿಚಾರಿಸುವ ಸಮಾಜ ಕಾರ್ಯಕರ್ತೆ. “ನಮಗೇನಾದರೂ ಆದರೆ ಮಗುವಿಗೆ ಯಾರು ದಿಕ್ಕು ಅಂತಲೂ ಕೇಳ್ತಾರೆ ದೊಡ್ಡಮ್ಮ. ಹೆತ್ತವರನ್ನು ಯಾರಾದರೂ ಹೀಗೆ ಕೇಳ್ತಾರಾ?” ಎಂದು ಫೋನಿನಲ್ಲಿ ಅತ್ತಳು.

ನಿಜ, ಇಬ್ಬರನ್ನು ಹೆತ್ತ ನನ್ನನ್ನು ಯಾರೂ ಕೇಳಲಿಲ್ಲ. ಆದರೆ ದೇಶ ದಾಟಿಸಿ ಮಕ್ಕಳನ್ನು ಮಾರುವುದನ್ನು ತಡೆಯಲೆಂದು 1993ರಲ್ಲಿ ಹೇಗ್ ಒಪ್ಪಂದವಾಯಿತು. ಭಾರತ 2003ರಲ್ಲಿ ಅದನ್ನು ಅಂಗೀಕರಿಸಿತು. ಮಾತು ಬಾರದ ಕೂಸು ಕೇಳಲಾರದ್ದನ್ನು ಕಾಗದ ಕೇಳುತ್ತದೆ, ಅದರಲ್ಲಿ ಅವಮಾನವೇನು ಎಂದೆ.

“ಹಾಗಾದರೆ ನಿಮ್ಮ ಹೆಸರು ಬರೆಯಲಾ?” ಎಂದಳು.

ಎಷ್ಟೋ ಮಕ್ಕಳಿಗೆ ನಡತೆಯ ಸರ್ಟಿಫಿಕೇಟನ್ನು ಸಲೀಸಾಗಿ ಬರೆದುಕೊಟ್ಟ ನಾನು ತಡವರಿಸಿದೆ. ಪ್ರಶ್ನೆ ಎಷ್ಟು ದೊಡ್ಡದೆಂದು ಆಗ ತಿಳಿಯಿತು.

“ಬರಿ,” ಎಂದೆ.