ಪುರಾಣದ ಬದನೆಕಾಯಿ

ಆ ಶಾಸ್ತ್ರಿಗಳ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ದೇವಸ್ಥಾನದಲ್ಲಿ ಪುರಾಣ ಹೇಳುತ್ತ ಬದನೆಕಾಯಿ ನಿಷಿದ್ಧವೆಂದರು. ಸಭೆಯಲ್ಲಿ ಕುಳಿತಿದ್ದ ಹೆಂಡತಿ ಮನೆಗೆ ಓಡಿ, ಮಾಡಿಟ್ಟಿದ್ದ ಎಣ್ಣೆಗಾಯಿಯನ್ನು ಚೆಲ್ಲಿಬಿಟ್ಟಳು. ಊಟಕ್ಕೆ ಕುಳಿತ ಶಾಸ್ತ್ರಿಗಳು ಸಂಗತಿ ತಿಳಿದು, “ಅಯ್ಯೋ ಮಂಕೇ, ಅದು ಪುರಾಣದ ಬದನೆಕಾಯಿ ಕಣೇ, ಇದು ಊಟದ ಬದನೆಕಾಯಿ!” ಎಂದು ಹಣೆ ಚಚ್ಚಿಕೊಂಡರಂತೆ. ನಕ್ಕು ಮರೆಯುವ ಕಥೆ. ಆದರೆ ಶಾಸ್ತ್ರಿಗಳ ಜಾಗದಲ್ಲಿ ಒಂದು ದೊಡ್ಡ ಕಂಪನಿಯನ್ನೂ ಬದನೆಕಾಯಿಯ ಜಾಗದಲ್ಲಿ ಮನುಷ್ಯನ ಹಕ್ಕನ್ನೂ ಇಟ್ಟು ನೋಡಿದರೆ ನಗು ಬರುವುದಿಲ್ಲ.

ಅಮೆರಿಕದ ಪೊಲರಾಯ್ಡ್ ಕಂಪನಿಯ ಸಂಗತಿಯನ್ನೇ ತೆಗೆದುಕೊಳ್ಳೋಣ. ಒಂದೇ ನಿಮಿಷದಲ್ಲಿ ಚಿತ್ರವನ್ನು ಕೈಗೆ ಕೊಡುವ ಕ್ಯಾಮೆರಾದಿಂದ ಹೆಸರಾದ ಸಂಸ್ಥೆ ಅದು. ವರ್ಣಭೇದ ತನಗೆ ಸಮ್ಮತವಲ್ಲವೆಂದು ಹೇಳಿಕೊಳ್ಳುತ್ತಿತ್ತು. 1970ರಲ್ಲಿ ಅಲ್ಲಿ ಕೆಲಸಕ್ಕಿದ್ದ ಕ್ಯಾರೊಲಿನ್ ಹಂಟರ್ ಎಂಬ ರಸಾಯನ ವಿಜ್ಞಾನದ ಪದವೀಧರೆಯೂ ಕೆನ್ ವಿಲಿಯಮ್ಸ್ ಎಂಬ ಛಾಯಾಗ್ರಾಹಕನೂ, ಇಬ್ಬರೂ ಕಪ್ಪು ಜನಾಂಗದವರೇ, ಕಚೇರಿಯಲ್ಲಿ ಒಂದು ಗುರುತಿನ ಚೀಟಿಯ ಮಾದರಿಯನ್ನು ಕಂಡರು. ಅದರ ಮೇಲಿದ್ದುದು ದಕ್ಷಿಣ ಆಫ್ರಿಕದ ಗಣಿ ಇಲಾಖೆಯ ಹೆಸರು.

ದಕ್ಷಿಣ ಆಫ್ರಿಕದಲ್ಲಿ ಗುರುತಿನ ಚೀಟಿ ಎಂದರೆ ಏನೆಂಬುದನ್ನು ಇಲ್ಲಿ ಹೇಳಬೇಕು. 1952ರ ಕಾನೂನಿನ ಪ್ರಕಾರ 16 ವರ್ಷ ತುಂಬಿದ ಕಪ್ಪು ಜನರು ಪಾಸು ಪುಸ್ತಕವನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಪೊಲೀಸರು ಕೇಳಿದಾಗ ತೋರಿಸದಿದ್ದರೆ ಸೆರೆಮನೆ. ಈ ಪಾಸುಗಳ ವಿರುದ್ಧ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಿದಾಗ 69 ಮಂದಿ ಸತ್ತರು. ಇಂಥ ಕಾಗದದ ನೋವು ಭಾರತೀಯರಿಗೂ ಹೊಸದಲ್ಲ. 1908ರ ಆಗಸ್ಟ್‌ನಲ್ಲಿ ಗಾಂಧೀಜಿಯವರ ಮುಂದಾಳುತನದಲ್ಲಿ ಜೋಹಾನ್ಸ್‌ಬರ್ಗಿನ ಮಸೀದಿಯ ಆವರಣದಲ್ಲಿ ನಮ್ಮವರು ತಮ್ಮ ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. 1946ರಲ್ಲಿ ಭಾರತ ಆ ದೇಶದೊಡನೆ ವ್ಯಾಪಾರವನ್ನೇ ಕಡಿದುಕೊಂಡಿತು.

ಹಂಟರ್ ಮತ್ತು ವಿಲಿಯಮ್ಸ್ ಸುಮ್ಮನಿರಲಿಲ್ಲ. ಕರಪತ್ರ ಅಂಟಿಸಿದರು, ಬಹಿಷ್ಕಾರಕ್ಕೆ ಕರೆ ಕೊಟ್ಟರು. ಕಂಪನಿ ಮೊದಲು ನಿರಾಕರಿಸಿತು. ಆಮೇಲೆ, 1971ರ ಜನವರಿಯಲ್ಲಿ, ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು ಒಂದು ‘ಪ್ರಯೋಗ’ ಮಾಡುವೆನೆಂದಿತು: ವರ್ಣಭೇದದ ಸರಕಾರಕ್ಕೆ ಸರಕು ಮಾರುವುದಿಲ್ಲ, ಆದರೆ ದೇಶ ಬಿಡುವುದೂ ಇಲ್ಲ, ಅಲ್ಲಿನ ಕಪ್ಪು ನೌಕರರ ಸಂಬಳ ಹೆಚ್ಚಿಸಿ ಅವರ ಜನರ ವಿದ್ಯಾಭ್ಯಾಸಕ್ಕೆ ಹಣ ಕೊಡುತ್ತೇವೆ. ಅದೇ ವರ್ಷ ಹಂಟರ್ ಕೆಲಸ ಕಳೆದುಕೊಂಡರು. ವಿಲಿಯಮ್ಸ್ ಆಗಲೇ ಕೆಲಸ ಬಿಟ್ಟಿದ್ದರು.

ಆರು ವರ್ಷ ಕಳೆಯಿತು. 1977ರ ನವೆಂಬರ್‌ನಲ್ಲಿ ಗುಟ್ಟು ರಟ್ಟಾಯಿತು. ಅಲ್ಲಿನ ವಿತರಕ ಸಂಸ್ಥೆ ಗುರುತಿಲ್ಲದ ಪೆಟ್ಟಿಗೆಗಳಲ್ಲಿ, ಒಂದು ಔಷಧದ ಅಂಗಡಿಯ ಲೆಕ್ಕದಲ್ಲಿ ತೋರಿಸಿ, ಸರಕಾರಕ್ಕೆ ಮಾರುತ್ತಲೇ ಇತ್ತು. ಅದನ್ನು ಹೊರಗೆಡಹಿದ್ದು ಆ ಸಂಸ್ಥೆಯಲ್ಲೇ ಕೆಲಸ ಮಾಡಿದ್ದ ನಾಯ್ಡು ಎಂಬೊಬ್ಬರು ತೆಗೆದಿಟ್ಟುಕೊಂಡಿದ್ದ ರವಾನೆ ಚೀಟಿಯ ಪ್ರತಿ. ಆಗ ಪೊಲರಾಯ್ಡ್ ಆ ದೇಶದ ವ್ಯಾಪಾರವನ್ನು ನಿಲ್ಲಿಸಿತು.

ಇದು ಹಳೆಯ ಮಾತಾಯಿತು ಎನ್ನುವಿರಾ? ಹೊಸದನ್ನೂ ನೋಡೋಣ. 2004ರಲ್ಲಿ ಶಿ ತಾವೋ ಎಂಬ ಚೀನೀ ಪತ್ರಕರ್ತ, ತಿಯಾನನ್‌ಮೆನ್ ಘಟನೆಯ ಹದಿನೈದನೆಯ ವರ್ಷದ ಬಗ್ಗೆ ಪತ್ರಿಕೆಗಳಿಗೆ ಬಂದಿದ್ದ ಸರಕಾರದ ಸೂಚನೆಯನ್ನು ಈಮೇಲ್ ಮೂಲಕ ಹೊರದೇಶಕ್ಕೆ ತಿಳಿಸಿದ. ಯಾಹೂ ಕಂಪನಿ ಅವನ ಖಾತೆಯ ವಿವರವನ್ನು ಪೊಲೀಸರಿಗೆ ಕೊಟ್ಟಿತು. 2005ರಲ್ಲಿ ಹತ್ತು ವರ್ಷ ಸಜೆಯಾಯಿತು. 2007ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಯಾಹೂವಿನ ಮುಖ್ಯಸ್ಥರು ಶಿ ತಾವೋನ ತಾಯಿಗೆ ತಲೆಬಾಗಿ ಕ್ಷಮೆ ಕೇಳಿದರು. ಮಗ ಹೊರಬಂದದ್ದು 2013ರಲ್ಲಿ.

2018ರ ಫೆಬ್ರವರಿಯಲ್ಲಿ ಮರ್ಸಿಡಿಸ್ ಬೆಂಜ್ ಕಂಪನಿ ಇನ್‌ಸ್ಟಾಗ್ರಾಂನಲ್ಲಿ ದಲೈಲಾಮಾ ಅವರ ಒಂದು ನುಡಿಯನ್ನು ಹಾಕಿತು. ಚೀನಾದಲ್ಲಿ ಇನ್‌ಸ್ಟಾಗ್ರಾಂಗೆ ಸರಕಾರದ ತಡೆಯಿದೆ. ಆದರೂ ಅಲ್ಲಿ ಕೋಪವೆದ್ದ ಕೂಡಲೇ ಕಂಪನಿ ಅದನ್ನು ಅಳಿಸಿ, ಚೀನೀ ಜನತೆಯ ಕ್ಷಮೆ ಕೇಳಿತು. ನಮ್ಮ ಪಿರಿಯಾಪಟ್ಟಣ ತಾಲೂಕಿನ ಬೈಲುಕುಪ್ಪೆಯನ್ನು ಕಂಡವರಿಗೆ ಈ ಕ್ಷಮೆಯ ಅರ್ಥ ವಿವರಿಸಬೇಕಾಗಿಲ್ಲ. ಮನೆ ಮಠ ಬಿಟ್ಟು ಬಂದು ಅಲ್ಲಿ ನೆಲೆ ಕಂಡ ಟಿಬೆಟನ್ನರಿಗೆ ಆ ನುಡಿ ಗುರುವಿನ ಮಾತು; ಕಂಪನಿಗೆ ಮಾತ್ರ ಅದು ಲೆಕ್ಕದಲ್ಲಿ ಬಿದ್ದ ತಪ್ಪು.

ಅದೇ ತಿಂಗಳು ಆಪಲ್ ಕಂಪನಿ ತನ್ನ ಚೀನೀ ಗ್ರಾಹಕರು ಕೂಡಿಟ್ಟಿದ್ದ ಮಾಹಿತಿಯನ್ನು ಗ್ವಿಝೌ ಪ್ರಾಂತ ಸರಕಾರದ ಒಡೆತನದ ಸಂಸ್ಥೆಯೊಂದರ ಸುಪರ್ದಿಗೆ ವರ್ಗಾಯಿಸಿತು. ಎಂಟು ತಿಂಗಳ ಬಳಿಕ ಅದರ ಮುಖ್ಯಸ್ಥರು ಬ್ರಸೆಲ್ಸ್‌ನಲ್ಲಿ ನಿಂತು, ಖಾಸಗಿತನವು ಮನುಷ್ಯನ ಮೂಲಭೂತ ಹಕ್ಕೆಂದು ಭಾಷಣ ಮಾಡಿದರು. ಬ್ರಸೆಲ್ಸ್‌ನದು ಪುರಾಣದ ಬದನೆಕಾಯಿ, ಗ್ವಿಝೌನದು ಊಟದ್ದು.

ಕಂಪನಿಗಳಿಗೂ ಉತ್ತರಗಳಿವೆ, ಅವನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಆಯಾ ದೇಶದ ಕಾನೂನಿಗೆ ತಲೆಬಾಗಲೇಬೇಕು ಎನ್ನುತ್ತಾರೆ. ಪಾಸು ಕೂಡ ಕಾನೂನೇ ಆಗಿತ್ತಲ್ಲ! 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿದ ಸೂತ್ರಗಳು ಹೇಳುವುದೂ ಇದನ್ನೇ: ಸರಕಾರ ತನ್ನ ಕರ್ತವ್ಯ ಮರೆತರೂ ಮನುಷ್ಯನ ಹಕ್ಕನ್ನು ಗೌರವಿಸುವ ಹೊಣೆ ಕಂಪನಿಗೆ ತಪ್ಪದು. ನಾವು ಮಾರದಿದ್ದರೆ ಇನ್ನೊಬ್ಬ ಮಾರುತ್ತಾನೆ ಎಂಬುದು ಮತ್ತೊಂದು ಉತ್ತರ. ಕಳ್ಳಮಾಲು ಕೊಳ್ಳುವವನೂ ಇದನ್ನೇ ಹೇಳುತ್ತಾನೆ.

ನಾವು ಅಲ್ಲೇ ಇದ್ದರೆ ನಾಲ್ಕು ಜನಕ್ಕೆ ಅನ್ನವಾಗುತ್ತದೆ ಎಂಬ ಮಾತನ್ನು ಮಾತ್ರ ಹಾಗೆ ತಳ್ಳಿಹಾಕಲಾರೆ. ಕಂಪನಿ ಹೊರಟುಹೋದರೆ ಮೊದಲು ಬೀದಿಗೆ ಬೀಳುವವನು ಬಡವನೇ. ಹೆಚ್ಚಿಸಿದ ಸಂಬಳ ಸುಳ್ಳಲ್ಲ. ಆದರೆ ಸಂಬಳ ಕೊಡುತ್ತಿದ್ದ ಸಂಸ್ಥೆಯೇ ಪಾಸಿನ ಚಿತ್ರಕ್ಕೂ ಸಾಮಗ್ರಿ ಒದಗಿಸುತ್ತಿತ್ತು. ಎಲ್ಲರೂ ಎಲ್ಲ ದೇಶವನ್ನೂ ಬಿಟ್ಟು ಬರಲಿ ಎಂದು ನಾನು ಹೇಳುವುದಿಲ್ಲ. ದಬ್ಬಾಳಿಕೆಯ ಕೈಗೆ ಹತಾರವನ್ನಾದರೂ ಕೊಡದಿರಲಿ. ನ್ಯೂಯಾರ್ಕಿನಲ್ಲಿ ಹೇಳಿದ್ದನ್ನು ಬೀಜಿಂಗ್‌ನಲ್ಲಿ ಹೇಳಲು ಧೈರ್ಯವಿಲ್ಲದಿದ್ದರೆ ನ್ಯೂಯಾರ್ಕಿನಲ್ಲೂ ಅದನ್ನು ಹೇಳಿ ಲಾಭ ಮಾಡದಿರಲಿ. ಬೆಲೆ ತೆರದ ತತ್ವ ಬರೀ ಜಾಹೀರಾತು.

ಪೊಲರಾಯ್ಡ್ ಕಥೆಯಲ್ಲಿ ಮೊದಲು ಬೆಲೆ ತೆತ್ತವರು ಯಾರು? ಕಂಪನಿಯಲ್ಲ. ಪ್ರಯೋಗಾಲಯದ ಒಬ್ಬ ಹೆಂಗಸು, ಒಬ್ಬ ಛಾಯಾಗ್ರಾಹಕ. ಆಮೇಲೆ ಅಪಾಯಕ್ಕೆ ಮೈಯೊಡ್ಡಿದ್ದು ರವಾನೆ ಚೀಟಿಯ ಪ್ರತಿ ಇಟ್ಟುಕೊಂಡ ನೌಕರ. ಕಂಪನಿಗೆ ಬೇರೆ ಅಂತಃಸಾಕ್ಷಿ ಎಂಬುದಿಲ್ಲ. ಅದರ ಕಾಗದಗಳಿಗೆ ಸಹಿ ಹಾಕುವವರ ಅಂತಃಸಾಕ್ಷಿಯೇ ಅದರದು.

ಇಷ್ಟು ಬರೆದ ಮೇಲೆ ನನ್ನ ಎಲೆಯನ್ನೂ ನೋಡಿಕೊಳ್ಳಬೇಕು. ನಾನೊಬ್ಬ ಸರಕಾರಿ ಗುಮಾಸ್ತ. ಕೆಲವು ವರ್ಷಗಳ ಹಿಂದೆ ಗುತ್ತಿಗೆದಾರನೊಬ್ಬನ ಬಿಲ್ಲು ನನ್ನ ಮೇಜಿಗೆ ಬಂತು. ಕಸ ಗುಡಿಸುವ ಹೆಂಗಸರು ಪೂರ್ಣ ಕೂಲಿಗೆ ಹೆಬ್ಬೆಟ್ಟು ಒತ್ತಿದ್ದರು. ಅವರ ಕೈಗೆ ಅಷ್ಟು ಸೇರುತ್ತಿರಲಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಕಾಗದಗಳು ಸರಿಯಾಗಿದ್ದವು. ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದೆ. ಅದೇ ವಾರ ಬಸವ ಜಯಂತಿಯ ಸಭೆಯಲ್ಲಿ ಕಾಯಕದ ಮಹತ್ವವನ್ನು ಕುರಿತು ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಮನೆಗೆ ಬರುವಾಗ ಬಸ್ಸಿನಲ್ಲಿ ಶಾಸ್ತ್ರಿಗಳ ಕಥೆ ನೆನಪಾಯಿತು. ಈಗ ಅಂಥ ಬಿಲ್ಲು ಬಂದರೆ ಕೂಲಿಯನ್ನು ಯಾರೆದುರು ಕೊಡಲಾಯಿತೆಂದು ಒಂದು ಪ್ರಶ್ನೆ ಬರೆದು ಹಿಂದಕ್ಕೆ ಕಳಿಸುತ್ತೇನೆ. ಕೆಲವು ಸಲ ಮೇಲಿನವರು ಅದನ್ನು ಹೊಡೆದುಹಾಕುತ್ತಾರೆ. ಪ್ರಶ್ನೆಯಂತೂ ಫೈಲಿನಲ್ಲಿ ಉಳಿಯುತ್ತದೆ.

ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂದು ದೊಡ್ಡ ದೊಡ್ಡ ಕಂಪನಿಗಳಲ್ಲಿದ್ದಾರೆ. ಅವುಗಳ ಹೆಸರು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ, ಅದು ಸಹಜವೇ. ಒಂದು ದಿನ ಅವರ ಮೇಜಿಗೂ ಒಂದು ಗುರುತಿನ ಚೀಟಿಯ ಮಾದರಿ ಬರಬಹುದು. “ಅಪ್ಪ, ಏನು ಮಾಡಲಿ?” ಎಂದು ಫೋನು ಮಾಡಿದರೆ, “ಸುಮ್ಮನಿರು ಮಗು, ಮನೆ ಸಾಲ ಇದೆ” ಎಂಬ ಮಾತು ನಮ್ಮ ನಾಲಗೆಯ ತುದಿಯಲ್ಲೇ ಇರುತ್ತದೆ. ಆ ಮಾತಿನ ಭಾರ ನನಗೂ ಗೊತ್ತು. ನಾನೂ ಸಾಲ ತೀರಿಸುತ್ತಿರುವವನೇ. ಆದರೂ ಚಿಕ್ಕಂದಿನಲ್ಲಿ ಅವರಿಗೆ ಕಥೆ ಹೇಳಿ, ಶಾಸ್ತ್ರಿಗಳನ್ನು ನೋಡಿ ನಗುವುದನ್ನು ಕಲಿಸಿದವರು ನಾವೇ ಅಲ್ಲವೆ?